ಗಂಡು ಪರಂಗಿಯ ಕಾಯಿ

ಜಯಕ್ಕ, ನಿನ್ನ ಗಂಡು ಪರಂಗಿ ಗಿಡ ಕಾಯಿ ಬಿಟ್ಟಿತ್ತು. ಅದನ್ನು ಕಿತ್ತು ತಿಪ್ಪೆಯಲ್ಲಿ ಹೂತವಳು ನಾನು — ನಿನ್ನ ಓರಗಿತ್ತಿ, ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳುವವಳು.

ಪಾಂಡವಪುರದ ಮನೆಗೆ ನಾನು ಮದುವೆಯಾಗಿ ಬಂದ ಹೊಸತು. ಬಚ್ಚಲ ನೀರು ಹರಿಯುವ ಕಡೆ ನೀನೇ ಬೀಜ ಊರಿ ಬೆಳೆಸಿದ ಗಿಡ, ಬರೀ ಜೋತಾಡುವ ಹೂಗೊಂಚಲು. ಕಡಿದು ಬಿಸಾಡು ಎಂದು ಮಾವ ಹೇಳಿದರೂ ಕೇಳದೆ, ಕಾಯಿ ಬಿಡಲೆಂದು ಊರಿನವರು ಮಾಡುವಂತೆ ನೀನು ಕಾಂಡಕ್ಕೊಂದು ಮೊಳೆ ಹೊಡೆದೆ. "ಒಂದ್ ಚಳಿಗಾಲ ತಡ್ಕಳಿ ಮಾವ, ಬುಡ್ತದೆ," ಅಂದೆ. ನಾನು ಸುಮ್ಮನಿರಬೇಕಿತ್ತು — ಎಲ್ಲಿ, ಜಂಬದ ಕೋಳಿ! ಎಲ್ಲರ ಮುಂದೆ ಎಕ್ಸ್, ವೈ ಎಂದು ಪಾಠ ಶುರುಮಾಡಿದೆ. ಮೊಳೆಗೆ ಹೆದರಿ ಕ್ರೋಮೋಸೋಮು ಬದಲಾಗುತ್ತದೆಯೇ ಎಂದು ಕೇಳಿದೆ. ಮನೆಯವರೆಲ್ಲ ನಕ್ಕರು. ನೀನೂ ನಕ್ಕೆ, ಆದರೆ ಗಿಡಕ್ಕೆ ನೀರು ಹಾಕುವುದನ್ನು ಬಿಡಲಿಲ್ಲ.

ಚಳಿಗಾಲದಲ್ಲಿ ನೀನು ನಾಗಮಂಗಲದ ತವರಿಗೆ ಹೋಗಿದ್ದಾಗ, ಉದ್ದ ತೊಟ್ಟಿನ ತುದಿಯಲ್ಲಿ ಎಳೆಗಾಯಿಗಳು ಕಂಡವು. ಕುಣಿದು ಎಲ್ಲರನ್ನೂ ಕರೆಯಬೇಕಾದ ಗಳಿಗೆ — ನಾನು ಕಿತ್ತುಬಿಟ್ಟೆ. ನನ್ನ ಮಾತು ಸುಳ್ಳಾಗುತ್ತದಲ್ಲ ಎಂದು, ಅಷ್ಟಕ್ಕೇ.

ನೀನು ಬಂದು ಗಿಡವನ್ನೆಲ್ಲ ತಡಕಿ ನೋಡಿ, ಮಚ್ಚು ಹಿಡಿದು ನಿಂತೆ. "ಓದ್ದೋಳು ನೀನು. ನೀನ್ ಏಳ್ದಂಗೇ ಆಯ್ತು ಬುಡಮ್ಮಿ," ಎಂದು ಬುಡಕ್ಕೆ ಏಟು ಹಾಕಿದೆ. ನಾನು ನೋಡುತ್ತಾ ನಿಂತಿದ್ದೆ.

ಆಮೇಲೆ ಓದಿದೆ, ಅಕ್ಕ — ಓದಿದಷ್ಟೂ ಮೈ ಜುಮ್ಮೆಂದಿತು! ಮನುಷ್ಯರ ವೈ ಬಹಳ ಹಳೆಯದು, ಪರಂಗಿಯದು ಇನ್ನೂ ಎಳೆಯದು. ಒಂದು ಕಾಲಕ್ಕೆ ಎಕ್ಸ್-ವೈ ಜೋಡಿಯ ಎರಡೂ ಒಂದೇ ತರ ಇದ್ದವಂತೆ. ವೈಯ ಒಂದು ತುಂಡು ಮಾತ್ರ ಜೊತೆಯ ಎಕ್ಸ್‌ನೊಡನೆ ಬೆರೆಯುವುದನ್ನು ನಿಲ್ಲಿಸಿ, ನಿಧಾನಕ್ಕೆ ಬೇರೆಯೇ ಆಯಿತು. ಗಂಡು-ಹೆಣ್ಣು ಎರಡೂ ಒಂದೇ ಹೂವಿನಲ್ಲಿರುವ ಗಿಡವನ್ನು ತೋಟಕ್ಕೆ ಹಾಕುತ್ತಾರಲ್ಲ, ಅದರೊಳಗೂ ಇರುವುದು ಗಂಡಿನ ವೈಯದೇ ಕೊಂಚ ಬದಲಾದ ರೂಪ. ತಂಪು ಬಿದ್ದಾಗ ಕೆಲವು ಗಂಡು ಗಿಡಗಳೂ ಕಾಯಿ ಬಿಡುತ್ತವೆ — ಕ್ರೋಮೋಸೋಮು ಹಾಗೇ ಇರುತ್ತದೆ, ಹೂವು ಬದಲಾಗುತ್ತದೆ. ನಿನ್ನ ಮೊಳೆಯಿಂದ ಆದದ್ದಲ್ಲ. ನನ್ನ ಪಾಠಕ್ಕೂ ಅದು ಗೊತ್ತಿರಲಿಲ್ಲ.

ಈಗ ಗಂಜಾಂನ ನಮ್ಮ ಹಿತ್ತಲಲ್ಲಿ, ಬೇಕೆಂದೇ ಉಳಿಸಿಕೊಂಡ ಗಂಡು ಪರಂಗಿ ಈ ಚಳಿಗೆ ಕಾಯಿ ಕಚ್ಚಿದೆ. ಬೆಳಿಗ್ಗೆ ಕಂಡು ಈ ವಯಸ್ಸಿನಲ್ಲಿ ಕುಣಿದೆ... ಕುಣಿದ ಕಾಲು ಅಲ್ಲೇ ನಿಂತಿತು. ಇದೇ ಸಂತೋಷವನ್ನು ನಿನ್ನಿಂದ ಕಸಿದವಳು ನಾನು.

ಅಂದು ನಕ್ಕವರೆಲ್ಲರ ಎದುರಿಗೇ ಇದನ್ನು ಹೇಳುತ್ತೇನೆ. ನೀನು ಕ್ಷಮಿಸದಿದ್ದರೂ ಸರಿ. ಕಾಯಿಯನ್ನು ನಾನು ಮುಟ್ಟಿಲ್ಲ. ನೀನೇ ಬಂದು ಕೀಳು, ಅಕ್ಕ.