ತಮ್ಮನ ದನಿ ಹುಡುಕಿಕೊಟ್ಟ ಗದಗಿನ ಗೌರಾದೇವಿ

ಅಮೆರಿಕದ ರೆಂಟನ್ ಊರಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವಿಮಾನ ಕಾರ್ಖಾನೆಯ ಮೊದಲ ಪಾಳಿಗೆ ಕಾರುಗಳು ಸಾಲುಗಟ್ಟಿವೆ. ರಸ್ತೆ ಬದಿಯ ರಿಪೇರಿ ಅಂಗಡಿಯಲ್ಲಿ ಗೌರಾದೇವಿ ಕ್ಯಾಸೆಟ್ಟೊಂದರ ಸ್ಕ್ರೂ ಬಿಚ್ಚಿ, ತುಂಡಾದ ಟೇಪಿನ ಎರಡು ತುದಿಗಳನ್ನು ಉಸಿರು ಬಿಗಿಹಿಡಿದು ಜೋಡಿಸುತ್ತಿದ್ದಾರೆ. ಈಗ ಸೀನು ಬಂದರೆ ಕೆಲಸ ಕೆಟ್ಟಂತೆಯೇ.

"ಗದಗಿನ್ಯಾಗ ನಮ್ಮಪ್ಪಂದು ಕ್ಯಾಸೆಟ್ ಅಂಗಡಿ ಇತ್ರಿ. ಮಂದಿ ಖಾಲಿ ಕ್ಯಾಸೆಟ್ ತಂದು ಕೊಡ್ತಿದ್ರು, ನಾವು ಬೇಕಾದ ಹಾಡು ತುಂಬಿಸಿ ಕೊಡ್ತಿದ್ವಿ," ಎನ್ನುತ್ತಾರೆ. ಸಿಡಿ ಬಂತು, ಅಂಗಡಿ ಮುಚ್ಚಿತು. ಗಂಡನೊಡನೆ ಇಲ್ಲಿಗೆ ಬಂದ ಮೇಲೆ ವರ್ಷಗಟ್ಟಲೆ ಗೋದಾಮಿನಲ್ಲಿ ಡಬ್ಬ ಎತ್ತಿ ಸೊಂಟ ಹಿಡಿದುಹೋಯಿತು. ಈಗ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಾರೆ. ತರುವವರಲ್ಲಿ ಬಹಳ ಜನ ತೊಂಬತ್ತರ ದಶಕದ ಯುದ್ಧದಿಂದ ಪಾರಾಗಿ ಯುರೋಪಿನ ಬಾಲ್ಕನ್ ನಾಡುಗಳಿಂದ ಬಂದವರು. ಅವರ ಪೆಟ್ಟಿಗೆಗಳಲ್ಲಿ ಟರ್ಬೋ-ಫೋಕ್ ಹಾಡುಗಳು ಸಿಗುತ್ತವೆ.

ಜಾನಪದ ಧಾಟಿಗೆ ಡಿಸ್ಕೋ ಬಡಿತ ಕಟ್ಟಿದ ಹಾಡುಗಳಿವು. ಥಳುಕು ಬಳುಕು ಜಾಸ್ತಿಯೆಂದು ಬಲ್ಲವರು ಮೂಗು ಮುರಿದರು. ಯುದ್ಧದ ಕಾಲದಲ್ಲಿ ಸೆರ್ಬಿಯಾದಲ್ಲಿ ಇವುಗಳದ್ದೇ ಅಬ್ಬರ. ಸೆರ್ಬ್ ಪಡೆಗಳಿಂದ ಪೆಟ್ಟು ತಿಂದ ಬೋಸ್ನಿಯಾದ ಅನೇಕರಿಗೆ ಇದು ಶತ್ರುಗಳ ಸಂಗೀತ. ಸೋಜಿಗವೆಂದರೆ, ಇಂದು ಗಡಿಯ ಎರಡೂ ಕಡೆಯ ಹುಡುಗರು ಅವನ್ನೇ ಫೋನಿನಲ್ಲಿ ರೀಮಿಕ್ಸ್ ಮಾಡಿ ಕುಣಿಯುತ್ತಾರೆ.

ಬೋಸ್ನಿಯಾದ ಎಮಿನಾ ತಂದದ್ದು ಯುದ್ಧಕ್ಕೆ ಮುಂಚೆ ನಡೆದ ತಮ್ಮದೇ ಮದುವೆಯ ಕ್ಯಾಸೆಟ್, ಅದರಲ್ಲಿದ್ದದ್ದೂ ಇಂಥದೇ ಹಾಡು. ಅಂದು ಅವರ ತಮ್ಮ ಸಮೀರ್ ಗಾಯಕನ ಮೈಕ್ ಕಸಿದು, ಹಾಡಿನ ನಡುವೆಯೇ ಅಕ್ಕನ ಹೆಸರು ಕೂಗಿ ನಕ್ಕಿದ್ದ. ಮರುವರ್ಷ ಯುದ್ಧದಲ್ಲಿ ಕಾಣೆಯಾದ. ಅವನ ದನಿ ಉಳಿದಿರುವುದು ಇದೊಂದರಲ್ಲೇ. "ಆ ದರಿದ್ರ ಹಾಡು ಬ್ಯಾಡ, ತಮ್ಮನ ದನಿ ಅಷ್ಟ ತಗದು ಕೊಡು ಅಂದ್ರು ಅಕ್ಕಾರು," ಎಂದು ಗೌರಾದೇವಿ ನೆನೆಯುತ್ತಾರೆ.

ಸಾಫ್ಟ್‌ವೇರಿನಲ್ಲಿ ಹಾಡನ್ನು ಒರೆಸಿ ದನಿಯೊಂದನ್ನೇ ಉಳಿಸಿದರು. ಕೇಳಿದ ಎಮಿನಾ ಬಿಳಿಚಿಕೊಂಡರು.

"ಸುತ್ತ ಏನೂ ಇಲ್ಲರಿ, ಹುಡುಗ ಒಬ್ಬನ ಕೂಗಾಕತ್ತಿದ್ದ. ಮದವಿ ಮನಿಯಾಗ ಕೂಗಿದಂಗ ಇರಲಿಲ್ಲ, ಯಾರರ ಬಂದು ಉಳಸ್ರಿ ಅಂತ ಒದರಿದಂಗ ಇತ್ತು."

ಇಷ್ಟು ವರ್ಷ ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಹಾಡನ್ನು ಎಮಿನಾ ತಾವೇ ಬೇಡಿದರು: ಅದನ್ನು ವಾಪಸ್ ಹಾಕು. ಗೌರಾದೇವಿ ಇಡೀ ಟೇಪನ್ನು ಹಚ್ಚಿದರು. ಅಕಾರ್ಡಿಯನ್, ಡ್ರಮ್ಮು, ನೆಂಟರ ಗದ್ದಲ, ನಡುವೆ ಸಮೀರನ ನಗು. ಎಮಿನಾ ಅಳುತ್ತಲೇ ಭುಜ ಕುಣಿಸತೊಡಗಿದರು. ದ್ವೇಷಿಸಿದ ಹಾಡೇ ತಮ್ಮನನ್ನು ಜೋಪಾನ ಮಾಡಿತ್ತಲ್ಲ, ಎಂಥ ವಿಸ್ಮಯ!

ಈ ಬೇಸಿಗೆಯಲ್ಲಿ ಎಮಿನಾರ ಮಗಳ ಮದುವೆ. ಆ ಹಾಡು ಅವಳಿಗೆ ಫೋನಿನಲ್ಲೇ ಕೇಳಿ ಬಾಯಿಪಾಠ. ಗೌರಾದೇವಿ ಇಳಿಸಿಕೊಟ್ಟದ್ದನ್ನೇ ಅಂದು ಹಾಕುತ್ತಾರಂತೆ, ಅವರಿಗೂ ಕರೆ ಬಂದಿದೆ.

"ಭಾಷಾ ನನಗ ಒಂದಕ್ಷರ ತಿಳಿಯಂಗಿಲ್ರಿ. ಆದ್ರ ಆ ಹುಡುಗ ಕೂಗಿದ ಕೂಡಲೇ ಮಂದಿ ಎಲ್ಲಾ ತಿರುಗಿ ಕೂಗಬೇಕು, ಅಷ್ಟ ನನ್ನ ಆಸೆ. ಇಷ್ಟು ವರ್ಷ ಅಂವಗ ಯಾರೂ ಓ ಅಂದಿಲ್ಲ ನೋಡ್ರಿ."