ಮ್ಯೂಸಿಯಮ್ಮಿನೊಳಗೆ ರಮಾಮಣಿ ಕಟ್ಟಿದ ಓಣಿ

ಮುಂಬಯಿ ಬಳಿಯ ಡೊಂಬಿವಲಿಯ ಕನ್ನಡಿಗರ ಮನೆಯಲ್ಲಿ ಮದುವೆ ಎಂದರೆ ಪುರೋಹಿತರಿಗಿಂತ ಮೊದಲು ರಮಾಮಣಿಗೆ ಕರೆ ಹೋಗುತ್ತಿತ್ತು. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದವಳು; ಗಂಡ ರಮಾಕಾಂತ ರೈಲ್ವೆ ಸ್ಟೇಷನ್ ಬಳಿ ಹೋಟೆಲ್ ನಡೆಸುತ್ತಿದ್ದ. ಗಲ್ಲಾದ ಹಿಂದೆ ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ಹಸೆಮಣೆ ಎಲ್ಲಿ, ಊಟದ ಪಂಕ್ತಿ ಎಲ್ಲಿ, ಕೈತೊಳೆಯಲು ಹೋಗುವವರಿಗೆ ದಾರಿ ಯಾವುದು, ಎಲ್ಲವನ್ನೂ ನಿಂತ ನಿಲುವಿನಲ್ಲೇ ಹೇಳಿಬಿಡುವಳು.

1984ರಲ್ಲಿ ಪಕ್ಕದ ಕಲ್ಯಾಣದ ಒಂದು ಪುಟ್ಟ ಮ್ಯೂಸಿಯಮ್ಮಿನವರು ಬಾಳಪ್ಪನ ಚಿತ್ರಗಳನ್ನು ಒಂದು ವಾರ ಪ್ರದರ್ಶನಕ್ಕಿಡಲು ಒಪ್ಪಿದರು. ವಿಜಾಪುರದ ಕಡೆಯ ಬಾಳಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಬಿಡುವಾದಾಗ ತರಕಾರಿ ಓಣಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಮಿಕ್ಕ ಬಣ್ಣದಲ್ಲಿ ಹಳೆಯ ಹಲಗೆಗಳ ಮೇಲೆ ಆ ಓಣಿಯನ್ನೇ ಬರೆಯುತ್ತಿದ್ದ. ಜನ ಮೆಚ್ಚಿದರೆ ಮ್ಯೂಸಿಯಮ್ಮಿನ ಆ ಕೋಣೆ ಶಾಶ್ವತವಾಗಿ ಅವನ ಚಿತ್ರಗಳಿಗೆ. ಇಲ್ಲದಿದ್ದರೆ ಹಲಗೆಗಳು ಮತ್ತೆ ಅವನ ಚಾಳಿನ ಮನೆಯ ಅಟ್ಟಕ್ಕೆ. ಕೋಣೆ ಸಜ್ಜುಗೊಳಿಸುವ ಕೆಲಸ ಕನ್ನಡ ಸಂಘದ ಮೂಲಕ ರಮಾಮಣಿಗೆ ಬಂತು. “ಮಂಟಪ ಕಟ್ಟೋ ಹೆಂಗಸಿಗೆ ಮ್ಯೂಸಿಯಮ್ಮೇ?” ಎಂದು ಸಂಘದ ಒಬ್ಬಿಬ್ಬರು ಮೂಗು ಮುರಿದರು. ಅವರ ಮೂಗಿಗೆ ಬೇರೆ ಕೆಲಸವಾದರೂ ಏನಿತ್ತು!

ಆ ಮಾತು ನಾಟಿದ್ದರಿಂದಲೇ ಅವಳು ಎಡವಿದಳು. ಮುಂಬಯಿ ಗ್ಯಾಲರಿಗಳ ಗತ್ತು ಇರಲೆಂದು ಗೋಡೆಗೆಲ್ಲ ಬಿಳಿ ಬಟ್ಟೆ ಹೊದಿಸಿದಳು, ನೆಲಕ್ಕೂ ಬಿಳಿ ಹಾಸಿದಳು, ಚಪ್ಪಲಿ ಹೊರಗೆ ಬಿಡಿಸಿದಳು. ಬಾಗಿಲಲ್ಲಿ ಬಾಳಪ್ಪನ ಫೋಟೋ ಇಟ್ಟು, ಮಾಲೆ ಹಾಕಿ, ಊದುಬತ್ತಿಯನ್ನೂ ಹಚ್ಚಿದಳು. ಬಾಳಪ್ಪ ಸಂಕೋಚದಿಂದ ಒಳಕೋಣೆಯಲ್ಲೇ ಉಳಿದ. ಮೊದಲ ದಿನ ಬಂದವರೆಲ್ಲ ಫೋಟೋಗೆ ಕೈಮುಗಿದು, ತಲೆ ತಗ್ಗಿಸಿ, ಪಿಟ್ಟೆನ್ನದೆ ಹೊರಟುಹೋದರು. ಎಂಥ ಮರ್ಯಾದೆಯ ಜನ ಎಂದು ರಮಾಮಣಿ ಹಿಗ್ಗಿದಳು. ಮರುದಿನ ತರಕಾರಿ ಮಾರುವ ಸಾಬವ್ವ ಸೆರಗಿನಿಂದ ಕಣ್ಣೊರೆಸುತ್ತ ಬಂದಳು.

“ಯವ್ವಾ, ಬಾಳಪ್ಪ ಯಾವಾಗ ಹೋದ? ಮೊನ್ನೆ ನನ್ನ ಕಡೆ ಕೊತ್ತಂಬ್ರಿ ಒಯ್ದಿದ್ದನಲ್ಲ!”

ಒಳಗಿನಿಂದ ಬಾಳಪ್ಪ ಚಹಾದ ಗ್ಲಾಸು ಹಿಡಿದು ಬಂದ. “ಎಲ್ಲಿಗೂ ಹೋಗಿಲ್ಲಬೇ, ಇಲ್ಲೇ ಅದೀನಿ.”

ಸಾಬವ್ವ ಕಿರುಚಿದ್ದು ರಸ್ತೆಗೆ ಕೇಳಿಸಿತು. ರಮಾಮಣಿ ಮೊದಲು ನಕ್ಕಳು, ಆಮೇಲೆ ಅವಳ ಮುಖ ಸಣ್ಣಗಾಯಿತು. ಬಂದವರೆಲ್ಲ ಇದನ್ನು ಶ್ರದ್ಧಾಂಜಲಿ ಸಭೆ ಎಂದುಕೊಂಡಿದ್ದರು! ಒಬ್ಬರೂ ಚಿತ್ರ ನೋಡಿರಲಿಲ್ಲ.

ಗಾಬರಿ ಇಳಿಯಲೆಂದು ಸಾಬವ್ವ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವಳನ್ನು ನೋಡುತ್ತಿದ್ದಂತೆ ರಮಾಮಣಿಗೆ ಹೊಳೆಯಿತು. ಆ ಓಣಿಯಲ್ಲಿ ಮಾರುವವರು ಕೂತಿರುತ್ತಾರೆ, ಕೊಳ್ಳುವವರೂ ಬುಟ್ಟಿಯ ಮುಂದೆ ಕೂರುತ್ತಾರೆ, ಬಾಳಪ್ಪ ಬರೆದದ್ದೂ ಕೂತೇ. ತಾನು ಮಾತ್ರ ಚಿತ್ರಗಳನ್ನು ನಿಂತವರ ಕಣ್ಣಿನೆತ್ತರಕ್ಕೆ ಏರಿಸಿದ್ದಳು.

“ಎಂತ ನೋಡ್ತಾ ನಿಂತಿದ್ದೀರಿ ಬಾಳಪ್ಪಣ್ಣ? ಇಳಿಸಿ ಮಾರಾಯ್ರೇ, ಎಲ್ಲ ಕೆಳಗಿಳಿಸಿ!”

ಬಿಳಿ ಬಟ್ಟೆ ಕಿತ್ತು ಬಂತು. ಗೋಣಿತಟ್ಟಿನ ಅಡ್ಡಗೋಡೆ ಕಟ್ಟಿ, ಇಬ್ಬರು ಭುಜ ತಾಗಿಸಿಕೊಂಡು ಹೋಗುವಷ್ಟೇ ಅಗಲದ ಓಣಿ ಮಾಡಿದಳು. ಒಂದು ಬಾಗಿಲಿಂದ ಒಳಗೆ, ಇನ್ನೊಂದರಿಂದ ಹೊರಗೆ, ಚಪ್ಪಲಿ ಕಾಲಲ್ಲೇ. ಚಿತ್ರಗಳನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಪ್ರತಿಯೊಂದರ ಮುಂದೆ, ಮದುವೆ ಊಟಗಳಿಗೆ ತಾನು ಒಯ್ಯುತ್ತಿದ್ದ ಒಂದೊಂದು ಮಣೆ ಹಾಕಿದಳು.

ಸಾಬವ್ವ ಇಡೀ ಮಾರ್ಕೆಟ್ಟನ್ನೇ ಕರೆತಂದಳು. ಹಮಾಲರು ಬಂದರು, ಆಫೀಸಿಗೆ ಹೋಗುವವರು ಗಾಡಿ ತಪ್ಪಿಸಿಕೊಂಡು ಕೂತರು. “ನನ್ನ ಮೂಗು ಇಷ್ಟು ದಪ್ಪ ಐತೇನೋ?” ಎಂದು ಚಿತ್ರದಲ್ಲಿ ತಮ್ಮನ್ನೇ ಕಂಡವರು ಬಾಳಪ್ಪನ ಜೊತೆ ಜಗಳಕ್ಕೇ ನಿಂತರು.

ಕೊನೆಯ ದಿನ ಮ್ಯೂಸಿಯಮ್ಮಿನ ಟ್ರಸ್ಟಿನ ಅಧ್ಯಕ್ಷ ಗುರುಪಾದಪ್ಪ ಸಫಾರಿ ಸೂಟಿನಲ್ಲಿ ಬಂದು ಹುಬ್ಬು ಗಂಟಿಕ್ಕಿದರು. “ಏನ್ರೀ ಬಾಯಾರ, ಮ್ಯೂಸಿಯಂ ಹೋಗಿ ಸಂತಿ ಆಗೇತಿ?”

ರಮಾಮಣಿ ಹತ್ತಿರದ ಮಣೆಯನ್ನು ತೋರಿಸಿದಳು. “ಒಮ್ಮೆ ಕೂತು ನೋಡಿ ಸರ್. ಆಮೇಲೆ ಬೇಕಾದ್ರೆ ಬೈಯಿರಿ.”

ಮೊಣಕಾಲು ಹಿಡಿದುಕೊಂಡು ಗುರುಪಾದಪ್ಪ ಕೂತರು. ಬದನೆಯ ಬುಟ್ಟಿಯ ಹಿಂದಿನಿಂದ ಚಿತ್ರದ ಸಾಬವ್ವ ನೇರ ಅವರ ಕಣ್ಣನ್ನೇ ನೋಡುತ್ತಿದ್ದಳು. ಅವರು ಏಳಲಿಲ್ಲ. ಹಿಂದೆ ಸಾಲು ಬೆಳೆಯಿತು. ಸಾಲಿನಲ್ಲಿದ್ದ ನಿಜವಾದ ಸಾಬವ್ವನಿಗೆ ತಾಳ್ಮೆ ತಪ್ಪಿತು.

“ಏಳ್ರೀ ಸಾಹೇಬ್ರ, ನಾವೂ ನೋಡಬೇಕಲ್ಲ!”

“ಇನ್ನೊಂದೀಟು ತಡಿಯವ್ವಾ,” ಎಂದು ಗುರುಪಾದಪ್ಪ ಗೋಗರೆದರು. ಆಮೇಲೆ ಕೂತಲ್ಲಿಂದಲೇ ರಮಾಮಣಿಯತ್ತ ತಿರುಗಿದರು. “ಕೋಣಿ ಬಾಳಪ್ಪಂದು. ಇಲ್ಲಿಂದ ಒಂದು ಕಡ್ಡೀನೂ ಅಲ್ಲಾಡಸಬ್ಯಾಡ್ರಿ.”

ಬಾಳಪ್ಪ ಮಗುವಿನ ಹಾಗೆ ಅತ್ತ. ರಮಾಮಣಿ ಮಾತ್ರ ಹೋಟೆಲಿಗೆ ಬಂದು ಗಲ್ಲಾದ ಮುಂದೆ ಎದೆಯೆತ್ತಿ ನಿಂತು ಸುದ್ದಿ ಹೇಳಿದಳು. ಅಂಥ ಸಂತೋಷ ಅವಳಿಗೆ ಯಾವ ಮದುವೆಯಲ್ಲೂ ಆಗಿರಲಿಲ್ಲ. ರಮಾಕಾಂತನಿಗೆ ಮುಂದಿನ ಲಗ್ನದ ಚಿಂತೆ.

“ಮತ್ತೆ ನಮ್ಮ ಮಣೆಗಳು ಯಾವಾಗ ಬರ್ತವೆ?”

“ಮದುವೆಗೆ ಬೇರೆ ಮಾಡಿಸುವ,” ಎಂದಳು ರಮಾಮಣಿ. “ಅವು ಈಗ ಮ್ಯೂಸಿಯಮ್ಮಿನವು.”