ಹಳೇ ತಿರುವಿನ ಅರ್ಲೀನ್

ಹಡ್ಸನ್ ನದಿಯ ಮೇಲಿನ ಗುಡ್ಡಗಳಲ್ಲಿ ನಮ್ಮ ಪಾರ್ಕ್‌ವೇ ಎಂಬ ಹೆದ್ದಾರಿ ಹಾಕಿಸಿದ ಪುಣ್ಯಾತ್ಮರು, ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮರ ನೋಡುತ್ತ ಮೆಲ್ಲಗೆ ಹೋಗುವವರಿಗಾಗಿ ಅದನ್ನು ಹಾಕಿಸಿದರು. ಈಗ ಅದರ ಮೇಲೆ ಬಾಲಕ್ಕೆ ಬೆಂಕಿ ಬಿದ್ದವರ ಹಾಗೆ ಓಡುತ್ತಾರೆ. ಕಾರು ಕೆಟ್ಟರೆ ಪಕ್ಕಕ್ಕೆ ನಿಲ್ಲಿಸಲು ಜಾಗವಿಲ್ಲ, ತಿರುವಿನಾಚೆ ಏನಿದೆಯೋ ದೇವರಿಗೇ ಗೊತ್ತು. ಮನೆಯಿಂದ ಹೊರಟವರು ರಸ್ತೆ ಸೇರುವ ಬಾಯಲ್ಲಿ ‘ನಿಲ್ಲಿ’ ಎಂಬ ಫಲಕವೊಂದಿದೆ. ಅಲ್ಲಿ ನಿಂತು, ಉಸಿರು ಬಿಗಿಹಿಡಿದು, ನಿಂತ ಕಾಲಲ್ಲೇ ಆ ಓಟದೊಳಗೆ ಧುಮುಕಬೇಕು.

ಅದಕ್ಕೇ ನಮ್ಮವರಲ್ಲಿ ಟೋಪಿಯ ಪದ್ಧತಿ. ರಸ್ತೆಯಾಚೆಯ ಮನೆಯವನು ತನ್ನ ಕಲ್ಲುಕಟ್ಟೆ ಹತ್ತಿ ನಿಲ್ಲುತ್ತಾನೆ, ಅವನಿಗೆ ತಿರುವು ಕಾಣುತ್ತದೆ. ಟೋಪಿ ತಲೆಯ ಮೇಲಿದ್ದರೆ ತಡೆಯಬೇಕು, ಎತ್ತಿದರೆ ಹೊರಡಬೇಕು. ದಾರಿಹೋಕರ ಮರ್ಯಾದೆಯನ್ನಂತೂ ನಂಬಲೇಬಾರದು. ಅರ್ಲೀನಳ ತಮ್ಮ ರಾಯ್ಸ್ ನಂಬಿದ್ದ. ಪೇಟೆಯ ಯಾವನೋ ದೊಡ್ಡ ಮನಸ್ಸು ಮಾಡಿ, ಕಾರು ನಿಧಾನಿಸಿ, ದೀಪ ಮಿನುಗಿಸಿ, ‘ಹೋಗಪ್ಪ’ ಎಂದ. ಪಕ್ಕದ ಸಾಲಿನಲ್ಲಿ ಬರುತ್ತಿದ್ದವನು ಹಾಗೆನ್ನಲಿಲ್ಲ. ರಾಯ್ಸ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಅರ್ಲೀನ್ ಹಾಟಲಿಂಗ್ ಕೆಳಗಿನ ಪೇಟೆಯ ಶಾಲೆಯಲ್ಲಿ ಅಡುಗೆ ಮಾಡುವವಳು. ಬಾಯಿ ಅಂದರೆ ಮೆಣಸಿನಕಾಯಿ. ಫ್ಲೋರಿಡಾಕ್ಕೆ ಬಿಸಿಲು ಕಾಯಿಸಲು ಹೋದ ಗಂಡ ಹಿಂದಿರುಗಲಿಲ್ಲ. ಕೇಳಿದವರಿಗೆಲ್ಲ, ಪೀಡೆ ತೊಲಗಿತು, ಚಳಿಗಾಲಕ್ಕೆ ಒಂದು ಕಂಬಳಿ ಉಳಿಯಿತು ಎನ್ನುತ್ತಿದ್ದಳು. ಇಂಥವಳ ಬಾಯಿ ಕಟ್ಟುತ್ತಿದ್ದದ್ದು ಒಬ್ಬನ ಎದುರು ಮಾತ್ರ. ಅವನು ಎದುರಿನ ಸೇಬಿನ ತೋಟದ ಮೆರಿಲ್ ಡೆಕರ್. ಮದುವೆಯಾಗದ ಗಂಡಸು, ಮಾತಿಗೆ ಬಲು ಜಿಪುಣ.

ಬೆಳಗಾದರೆ ಅವಳು ಫಲಕದ ಬಳಿ, ಅವನು ಕಟ್ಟೆಯ ಮೇಲೆ. ಅವನು ತಿರುವನ್ನು ನೋಡುವನು, ಇವಳು ಅವನನ್ನು ನೋಡುವಳು. ಟೋಪಿ ಮೇಲೇಳುವುದು, ಇವಳು ಹೊರಡುವಳು. ಇಪ್ಪತ್ತು ವರ್ಷ ಇಬ್ಬರ ನಡುವೆ ನಡೆದದ್ದು ಇಷ್ಟೇ. ಆದರೆ ಶಾಲೆಗೆ ರಜೆ ಬಂದರೆ ಅರ್ಲೀನಳಿಗೆ ಊಟ ರುಚಿಸುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಅವಳು ಆ ಬಾಯಿಂದ ಹೊರಡಲೇಬೇಕೆಂದಿರಲಿಲ್ಲ. ಎಂದೋ ತಿರುವನ್ನು ಒಂದಿಷ್ಟು ನೆಟ್ಟಗೆ ಮಾಡಿದಾಗ ಹಳೇ ರಸ್ತೆಯ ತುಂಡೊಂದು ಅವಳ ಹಿತ್ತಲಲ್ಲಿ ಅನಾಥವಾಗಿ ಉಳಿದಿತ್ತು. ಬಿರುಕುಗಳಲ್ಲಿ ಸಸಿ ಎದ್ದು, ನಡುಗೆರೆಯ ಮೇಲೆ ಪಾಚಿ ಕಟ್ಟಿತ್ತು. ಆದರೂ ಅದು ಕಾಡು ದಾಟಿ ಹಳ್ಳಿರಸ್ತೆಗೆ ಸೇರುತ್ತಿತ್ತು, ಕೊಂಬೆ ಸರಿಸಿಕೊಂಡರೆ ಕಾರು ಹೋಗುತ್ತಿತ್ತು. ಭಾನುವಾರ ಅವಳೇ ಅದರಲ್ಲಿ ಹೋಗಿ ಬರುತ್ತಿದ್ದಳು. ಶಾಲೆಯ ದಿನ ಮಾತ್ರ ತಮ್ಮನನ್ನು ನುಂಗಿದ ಬಾಯಿಗೇ ಕಾರು ಒಡ್ಡುತ್ತಿದ್ದಳು. ಹುಚ್ಚು ಅನ್ನಿ, ಅವಳೂ ಹಾಗೇ ಅಂದುಕೊಳ್ಳುತ್ತಿದ್ದಳು.

ಕೊನೆಗೆ ಸರ್ಕಾರದವರಿಗೆ ಬುದ್ಧಿ ಬಂತು. ಹಿತ್ತಲ ತುಂಡಿಗೆ ಡಾಂಬರು ಹಾಕಿ, ಫಲಕದ ಬಾಯಿಗೆ ಕಾಂಕ್ರೀಟಿನ ತಡೆ ಕಟ್ಟುತ್ತೇವೆಂದು ಸಭೆ ಕರೆದರು. ಎಲ್ಲರೂ ಬದುಕಿದೆವು ಎಂದರು. ಆ ಬಾಯಿ ಮುಚ್ಚಬೇಡಿ ಎಂದು ರಾಯ್ಸ್‌ನ ಅಕ್ಕ ಯಾವ ಮುಖ ಇಟ್ಟುಕೊಂಡು ಹೇಳಿಯಾಳು? ಒಪ್ಪಿಗೆಗೆ ಕೈಯೆತ್ತಿ ಬಂದು, ಮನೆಯಲ್ಲಿ ಒಲೆಯ ಮುಂದೆ ಕೂತು ಅತ್ತಳು.

ತಡೆ ಎದ್ದಿತು. ಆಚೆಯ ಕಟ್ಟೆ ಕಾಣದಾಯಿತು. ಒಂದು ವಾರ ಸಂಕಟ ನುಂಗಿಕೊಂಡಿದ್ದವಳು ಶನಿವಾರ ತಡೆಯಲಾರದೆ ಕುಂಬಳಕಾಯಿಯ ಸಿಹಿ ಹೂರಣದ ಪೈ ಮಾಡಿ, ಹಳ್ಳಿರಸ್ತೆಯಲ್ಲಿ ದೂರ ಸುತ್ತಿಕೊಂಡು ಮೆರಿಲ್‌ನ ಮನೆಯ ಬಾಗಿಲು ತಟ್ಟಿದಳು. ತೆರೆದವಳು ಸೊಂಟದ ಮೇಲೆ ಕೂಸನ್ನಿಟ್ಟುಕೊಂಡ ಯಾರೋ ಹರೆಯದ ಹೆಂಗಸು.

ಮೆರಿಲ್ ಇಲ್ಲಿಲ್ಲ ಎಂದಳು ಆಕೆ. ಮಂಡಿ ಕೈಕೊಟ್ಟು ಏಣಿ ಹತ್ತಲಾಗದೆ ತೋಟವನ್ನು ತಮಗೆ ಮಾರಿ, ಪೇಟೆಗೆ ಹೋಗಿ ಆರು ವರ್ಷವಾಯಿತಂತೆ.

“ಮೊನ್ನೆ ಮೊನ್ನೆವರೆಗೂ ಕಟ್ಟೆ ಮೇಲೆ ನಿಂತಿದ್ರಲ್ಲಮ್ಮ?”

“ಅದಾ? ದಿನಾ ಪೇಟೆಯಿಂದ ಬರ್ತಿದ್ರು. ತೋಟ ಮಾರೋವಾಗ ಅವ್ರು ಕೇಳಿದ್ದು ಅದೊಂದೇ, ಬೆಳಿಗ್ಗೆ ಕಟ್ಟೆ ಮೇಲೆ ನಿಲ್ಲೋಕೆ ಬಿಡ್ಬೇಕು ಅಂತ. ಎದುರುಗಡೆ ಕಾರು ಹೋದ್ಮೇಲೆ ಅವ್ರೂ ಹೋಗ್ಬಿಡೋರು.”

ಆಕೆ ಹೇಳಿದ ವಿಳಾಸ ಶಾಲೆಯ ಹಿಂದಿನ ಬೀದಿಯದು. ಅರ್ಲೀನ್ ಪೈ ಹಿಡಿದುಕೊಂಡೇ ಕಾರಿಗೆ ಹಿಂದಿರುಗಿದಳು. ಆರು ವರ್ಷ ಅವಳು ಮುಂದೆ, ಅವನು ಸ್ವಲ್ಪ ಹಿಂದೆ, ಅದೇ ರಸ್ತೆಯಲ್ಲಿ, ಅದೇ ಪೇಟೆಗೆ ಹೋಗಿದ್ದರು. ಹಿಂದಿನದನ್ನು ತೋರಿಸುವ ಕನ್ನಡಿಯಲ್ಲಿ ಅವನ ಕಾರನ್ನು ಎಷ್ಟು ಸಲ ನೋಡಿದ್ದಳೋ, ಯಾರದೋ ಅಂದುಕೊಂಡಿದ್ದಳು.

ಪೇಟೆಯಲ್ಲಿ ಮೆರಿಲ್ ಬಾಗಿಲು ತೆರೆದಾಗ ಟೋಪಿಯಿಲ್ಲದೆ ಬರಿತಲೆಯಲ್ಲಿದ್ದ. ಹತ್ತಿರದಿಂದ ನೋಡಿದರೆ ಎಷ್ಟು ವಯಸ್ಸಾಗಿಬಿಟ್ಟಿದೆ ಎಂದು ಅವಳಿಗೆ ಅನ್ನಿಸಿತು. ದಾರಿಯುದ್ದ ಕಟ್ಟಿಕೊಂಡು ಬಂದಿದ್ದ ಬೈಗುಳ ಒಂದೂ ನೆನಪಾಗಲಿಲ್ಲ.

“ಶಾಲೆ ಹಿಂದೇನೇ ಇದ್ರಿ. ಒಂದಿನ ಬಂದು ಮಾತಾಡ್ಸೋಕೆ ಏನಾಗಿತ್ತು ನಿಮಗೆ?”

“ಅಲ್ಲಿ ನಿಮಗೆ ನನ್ನಿಂದ ಆಗ್ಬೇಕಾದ್ದು ಏನಿತ್ತು, ಅರ್ಲೀನ್? ಆ ರಸ್ತೇಲಾದ್ರೆ ನಾನು ಬೇಕಾಗಿತ್ತು.”

“ರಸ್ತೇಲೂ ಬೇಕಾಗಿರ್ಲಿಲ್ಲ. ನನ್ನ ಹಿತ್ತಲಲ್ಲಿ ದಾರಿ ಇತ್ತು ಮೆರಿಲ್. ಮೊದಲಿಂದ್ಲೂ ಇತ್ತು.”

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಹಾಗಾದರೆ ಇಷ್ಟು ವರ್ಷ, ಎಂದು ಶುರುಮಾಡಿ ಅವಳ ಮುಖ ನೋಡಿದ. ಅವಳು ಹ್ಞೂಂ ಎಂದಳು. ಹೊರಗೆ ಶಾಲೆಯ ಅಂಗಳ ಖಾಲಿಯಿತ್ತು. ಅವನ ಕಿಟಕಿಯಿಂದ ಶಾಲೆಯ ಅವಳ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು.

ಒಳಗೆ ಮೇಜಿಗೆ ಒಂದೇ ಕುರ್ಚಿ. ಅವಳನ್ನು ಅದರಲ್ಲಿ ಕೂರಿಸಿ, ಮಂಡಿ ನೋಯುತ್ತಿದ್ದರೂ ಅವನು ನಿಂತೇ ಪೈ ತಿಂದ.